ಎಲೆ ಮೇಲೆ ಬಿಳಿ: ಬೂದಿಯೋ, ಬೂಜೋ, ಬರೀ ಧೂಳೋ?

ಹೀರೆ ಬಳ್ಳಿಯ ಎಲೆ ಮೇಲೆ ಬಿಳಿ ಕಂಡ ಕೂಡಲೇ ಗೊಬ್ಬರದ ಅಂಗಡಿಗೆ ಓಡಬೇಡಿ. ಮೊದಲು ಬೆರಳಿನಿಂದ ಒರೆಸಿ ನೋಡಿ. ಆಮೇಲೆ ಎಲೆ ತಿರುಗಿಸಿ ನೋಡಿ. ಎರಡಕ್ಕೂ ಸೇರಿ ಅರ್ಧ ನಿಮಿಷ ಸಾಕು. ಇದನ್ನು ಮಾಡದೆ ನಾನು ಒಂದು ವರ್ಷ ಕುಂಬಳ ಬಳ್ಳಿಯನ್ನೇ ಕಳೆದುಕೊಂಡೆ.

ಕೊಪ್ಪಳದಲ್ಲಿ ನಮ್ಮ ಹಿತ್ತಲು ಅಷ್ಟೇನೂ ದೊಡ್ಡದಲ್ಲ. ಹಂದರಕ್ಕೆ ಒಂದು ಹೀರೆ, ನೆಲದ ಮೇಲೆ ಒಂದು ಕುಂಬಳ, ಗೋಡೆಗೆ ಹಾಗಲ. ಮೂಲೆಯಲ್ಲಿ ನಾಲ್ಕು ಬೆಂಡೆ, ಎರಡು ಮೆಣಸಿನ ಗಿಡ, ಒಂದು ಗುಲಾಬಿ. ಆ ವರ್ಷ ಗವಿಮಠದ ಜಾತ್ರೆ ಹೊತ್ತಿಗೆ, ಅಂದರೆ ಜನವರಿಯಲ್ಲಿ, ಕುಂಬಳದ ಬುಡದ ಎಲೆಗಳ ಮೇಲೆ ಹಿಟ್ಟು ಚೆಲ್ಲಿದ ಹಾಗೆ ದುಂಡು ದುಂಡು ಚುಕ್ಕೆ ಕಂಡವು. ಅಂಗಡಿಗೆ ಹೋಗಿ "ಬಳ್ಳಿಗೆ ಫಂಗಸ್ ಬಂದೈತ್ರಿ" ಅಂದೆ. ಅವರು ಎಂಥದ್ದು ಅಂತ ಕೇಳಲಿಲ್ಲ, ಒಂದು ಹಳದಿ ಪುಡಿಯ ಪಾಕೀಟು ಕೊಟ್ಟರು. ನಾನೂ ಎಲೆ ಕಿತ್ತುಕೊಂಡು ಹೋಗಿರಲಿಲ್ಲ. ವಾರ ಬಿಟ್ಟು ವಾರ ಎರಡು ಸಲ ಹೊಡೆದೆ. ಬಿಳಿ ನಿಲ್ಲಲಿಲ್ಲ. ಶಿವರಾತ್ರಿ ಹೊತ್ತಿಗೆ ಎಲೆಯೆಲ್ಲ ಕಂದಾಗಿ ಹಪ್ಪಳದಂತೆ ಒಣಗಿದವು. ಎಳೆ ಕಾಯಿಗಳು ಬಿಸಿಲಿಗೆ ಸುಟ್ಟವು.

ಆ ಪುಡಿ ಮ್ಯಾಂಕೋಜೆಬ್. ಔಷಧದಲ್ಲಿ ತಪ್ಪಿರಲಿಲ್ಲ. ಅದು ಬೂಜು ರೋಗಕ್ಕೆ ಹೊಡೆಯುವಂಥದ್ದು, ನನ್ನ ಬಳ್ಳಿಗೆ ಬಂದಿದ್ದು ಬೂದಿ ರೋಗ. ಹೆಸರು ಕೇಳಿದರೆ ಎರಡೂ ಅಣ್ಣತಮ್ಮಂದಿರ ಹಾಗಿವೆ. ಆದರೆ ಒಂದಕ್ಕೆ ಹೊಡೆದದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಬೆರಳಿನ ಪರೀಕ್ಷೆ

ಬಿಳಿ ಇರುವ ಜಾಗದ ಮೇಲೆ ಹೆಬ್ಬೆರಳು ಇಟ್ಟು ಒಮ್ಮೆ ಎಳೆಯಿರಿ. ಬೆರಳಿಗೆ ನುಣ್ಣನೆ ಹಿಟ್ಟು ಹತ್ತಿತು, ಕೆಳಗೆ ಎಲೆ ಹಸಿರಾಗಿಯೋ ಸ್ವಲ್ಪ ಹಳದಿಯಾಗಿಯೋ ಕಂಡಿತು, ಎರಡು ಮೂರು ದಿನ ಬಿಟ್ಟು ನೋಡಿದರೆ ಅದೇ ಜಾಗದಲ್ಲಿ ಮತ್ತೆ ಬಿಳಿ ಬಂತು ಅಂದರೆ ಅದು ಬೂದಿ ರೋಗವೇ. ಈ ಎರಡು ಮೂರು ದಿನ ಕಾಯುವುದು ಮುಖ್ಯ. ಒರೆಸಿದರೆ ಧೂಳೂ ಹೋಗುತ್ತದೆ. ಆದರೆ ಅದು ಗಾಳಿ, ಲಾರಿ ಬಂದಾಗ ಮಾತ್ರ ವಾಪಸ್ ಬರುತ್ತದೆ, ರಸ್ತೆ ಕಡೆಯ ಎಲೆಗಳ ಮೇಲೇ ಜಾಸ್ತಿ ಕೂರುತ್ತದೆ. ಸಂಡೂರು ಕಡೆಯವರಿಗೆ ಈ ಗೊಂದಲ ಇಲ್ಲ, ಅವರ ಧೂಳು ಕೆಂಪು. ಬೂದಿ ರೋಗಕ್ಕೆ ರಸ್ತೆಯ ಲೆಕ್ಕ ಇಲ್ಲ. ಅದು ನೆರಳಲ್ಲಿರುವ, ವಯಸ್ಸಾದ, ಬುಡದ ಎಲೆಗಳನ್ನು ಮೊದಲು ಹಿಡಿಯುತ್ತದೆ. ಚುಕ್ಕೆ ದುಂಡಗಿರುತ್ತವೆ, ದಿನದಿನಕ್ಕೆ ಅಗಲವಾಗಿ ಒಂದಕ್ಕೊಂದು ಸೇರಿಕೊಳ್ಳುತ್ತವೆ. ಮೇಲ್ಮೈ, ಕೆಳಮೈ, ತೊಟ್ಟು, ಎಳೆ ಕಾಂಡ ಎಲ್ಲ ಕಡೆಗೂ ಬರುತ್ತವೆ.

ಒರೆಸಿದರೂ ಹೋಗಲಿಲ್ಲವೇ? ಹಾಗಾದರೆ ಅದು ಬೇರೇನೋ. ನಮ್ಮಲ್ಲಿ ಎಲ್ಲಕ್ಕಿಂತ ಮೊದಲು ಅನುಮಾನ ಪಡಬೇಕಾದದ್ದು ಬೋರ್ ನೀರಿನ ಮೇಲೆ. ನಮ್ಮ ಓಣಿಯ ಬೋರಿನ ನೀರಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ. ಅದನ್ನೇ ಪೈಪ್ ಹಿಡಿದು ಎಲೆ ಮೇಲೆ ಹೊಡೆದರೆ ನೀರು ಆರಿ ಸುಣ್ಣ ಉಳಿಯುತ್ತದೆ. ಉಂಗುರದ ಆಕಾರದ ಕಲೆ, ಹನಿ ನಿಂತ ತುದಿಯಲ್ಲಿ ದಪ್ಪ ಗೆರೆ. ಅದರ ಮೇಲೆ ನಿಂಬೆರಸ ಒಂದು ಹನಿ ಬಿಟ್ಟು ಸ್ವಲ್ಪ ಹೊತ್ತು ಬಿಟ್ಟು ಒರೆಸಿ. ಸುಣ್ಣ ಆಗಿದ್ದರೆ ಕರಗಿ ಹೋಗುತ್ತದೆ. ಇದನ್ನು ಹೇಳಿಕೊಟ್ಟವರು ಪಕ್ಕದ ಮನೆಯ ಕಾಕಿ. ನಾನು ತೊಂಡೆ ಬಳ್ಳಿಗೆ ರೋಗ ಬಂತು ಅಂತ ಪಂಪು ತೊಳೆಯುತ್ತಾ ಕೂತಿದ್ದೆ. ಗೋಡೆ ಮೇಲಿಂದಲೇ ಅಂದರು: "ತಂಗೆವ್ವಾ, ಅದು ರೋಗ ಅಲ್ಲ. ನಿಮ್ಮನಿ ಚರಿಗಿ ನೋಡು, ಅದಕ್ಕೂ ಅದ ರೋಗ ಐತಿ." ಚರಿಗೆಯ ಒಳಗಿನ ಬಿಳಿ ಪದರ ನೋಡಿದ ಮೇಲೆ ಪಂಪನ್ನು ಸುಮ್ನೆ ಒಳಗಿಟ್ಟೆ.

ಕುಂಬಳದ ಎಲೆಯ ನರಗಳ ಸಂದಿಯಲ್ಲಿ ಬೆಳ್ಳಿ ಬಣ್ಣದ ಮಚ್ಚೆ ಇದ್ದು, ಚಿಗುರೆಲೆಯಿಂದ ಹಿಡಿದು ಹಳೆ ಎಲೆವರೆಗೂ ಒಂದೇ ನಮೂನೆಯಲ್ಲಿದ್ದರೆ ಅದು ಆ ತಳಿಯ ಹುಟ್ಟು ಗುಣ. ಅದಕ್ಕೆ ಏನೂ ಮಾಡಬೇಕಿಲ್ಲ. ಆದರೆ ಮೊದಲು ಹಸಿರಾಗಿದ್ದ ಬಳ್ಳಿಯಲ್ಲಿ ಹೊಸ ಎಲೆಗಳ ನರಗಳೇ ಬೆಳ್ಳಗಾಗಿ, ಬರಬರುತ್ತ ಇಡೀ ಎಲೆ ಬೆಳ್ಳಿ ಲೇಪ ಹಾಕಿದಂತೆ ಹೊಳೆಯತೊಡಗಿದರೆ ಎಲೆ ತಿರುಗಿಸಿ. ಸಣ್ಣ ಬಿಳಿ ನೊಣ ಪುರ್ರನೆ ಏಳುತ್ತವೆ. ಅವುಗಳ ಮರಿ ರಸ ಹೀರುವುದರಿಂದ ಎಲೆ ಹಾಗಾಗುತ್ತದೆ. ಅದಕ್ಕೆ ಶಿಲೀಂಧ್ರದ ಔಷಧ ಹೊಡೆದು ಉಪಯೋಗವಿಲ್ಲ, ಹಳದಿ ಅಂಟು ಹಲಗೆ ಮತ್ತು ಬೇವಿನೆಣ್ಣೆ ಬೇಕು. ಎಲೆ ಮೇಲೆ ಬಿಳಿ ಗೆರೆ ಸೊಟ್ಟಸೊಟ್ಟಗೆ ಓಡಿದ್ದರೆ ಅದು ರಂಗೋಲಿ ಹುಳು. ಹೆಸರಿಟ್ಟವರಿಗೆ ಒಳ್ಳೆ ಕಣ್ಣಿತ್ತು. ದಾಸವಾಳದ ತುದಿಯಲ್ಲಿ ಹತ್ತಿಯಂತೆ ಗಂಟು ಗಂಟಾಗಿ ಅಂಟಿಕೊಂಡದ್ದು ಹಿಟ್ಟು ತಿಗಣೆ.

ಇನ್ನೊಂದು ಇದೆ, ನಗಬೇಡಿ. ನಮ್ಮ ಕಡೆ ಹೇನು ಬಂದರೆ ಗಿಡಕ್ಕೆ ಒಲೆ ಬೂದಿ ಉದುರಿಸುವ ಪದ್ಧತಿ ಇದೆ. ಪರಿಚಯದವರೊಬ್ಬರು ಅವರೆ ಬಳ್ಳಿಯ ಫೋಟೋ ಕಳಿಸಿ "ಬೂದಿ ರೋಗ ಭಾಳ ಆಗೇತ್ರಿ" ಅಂದರು. ಹೋಗಿ ನೋಡಿದರೆ ನಿಜವಾದ ಬೂದಿ. ಬೆಳಗ್ಗೆ ಅವರ ಅವ್ವ ಉದುರಿಸಿದ್ದು, ಮಗನಿಗೆ ಹೇಳಿರಲಿಲ್ಲ. ಬೂದಿ ಉದುರಿಸುವ ರೂಢಿ ಇದ್ದರೆ ಒಂದೆರಡು ಎಲೆ ತೊಳೆದು, ಎರಡು ದಿನ ಬಿಟ್ಟು ನೋಡಿ.

ಎಲೆ ತಿರುಗಿಸುವುದು

ಬೂಜು ರೋಗಕ್ಕೆ ಮೇಲಿನ ಮೈಯಲ್ಲಿ ಬಿಳಿ ಇರುವುದೇ ಇಲ್ಲ. ಮೇಲೆ ಹಳದಿ ಚುಕ್ಕೆ. ಅದೂ ದುಂಡಗಲ್ಲ, ಮೂಲೆ ಮೂಲೆಯಾಗಿ, ನರದಿಂದ ನರಕ್ಕೆ ಗೆರೆ ಎಳೆದಂತೆ. ಸವತೆ, ಹೀರೆ ಎಲೆಯಲ್ಲಿ ನೋಡಿದರೆ ಇಳಕಲ್ಲಿನ ಚೌಕಡಿ ಸೀರೆ ನೆನಪಾಗುತ್ತದೆ. ಅದರ ಸರಿ ಕೆಳಗೆ, ಎಲೆಯ ಹಿಂಭಾಗದಲ್ಲಿ, ಬೂದು ಅಥವಾ ನೇರಳೆ ಬಣ್ಣದ ತುಪ್ಪಟ ಇರುತ್ತದೆ. ಇದನ್ನು ನೋಡಬೇಕಾದ ಹೊತ್ತು ಬೆಳಗಿನ ಆರೂವರೆ, ಏಳು. ಇಬ್ಬನಿ ಆರಿದ ಮೇಲೆ ತುಪ್ಪಟ ಕಾಣುವುದು ಕಷ್ಟ. ಮಧ್ಯಾಹ್ನ ನೋಡಿ "ಏನೂ ಇಲ್ಲ" ಅನ್ನುವವರೇ ಜಾಸ್ತಿ.

ಬೆಳಗ್ಗೆ ಏಳಲು ಆಗದಿದ್ದರೆ ಒಂದು ಉಪಾಯ ಇದೆ. ಹಳದಿ ಚುಕ್ಕೆ ಇರುವ ಎಲೆಯನ್ನು ಸಂಜೆ ಕಿತ್ತು, ಒದ್ದೆ ಪೇಪರಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ, ಕತ್ತಲೆ ಜಾಗದಲ್ಲಿ ಇಡಿ. ಬೆಳಗಾಗುವುದರಲ್ಲಿ ಚುಕ್ಕೆಯ ಹಿಂದೆ ತುಪ್ಪಟ ಬೆಳೆದಿದ್ದರೆ ಬೂಜು ರೋಗ. ಮನೆಯವರಿಗೆ ಹೇಳಿ ಇಡಿ, ನಮ್ಮ ಮನೆಯಲ್ಲಿ ಒಮ್ಮೆ ಕಸಕ್ಕೆ ಹೋಯಿತು.

ಮೆಣಸಿನ ಗಿಡ ಮಾತ್ರ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಅದರ ಬೂದಿ ರೋಗ ಎಲೆಯ ಒಳಗೇ ಬೆಳೆಯುವ ಜಾತಿ. ಮೇಲೆ ಹಳದಿ ಮಚ್ಚೆ, ಕೆಳಗೆ ಬಿಳಿ ಪುಡಿ. ಆಮೇಲೆ ಎಲೆಗಳು ದಡದಡನೆ ಉದುರುತ್ತವೆ. ರಾಯಚೂರು, ಬಳ್ಳಾರಿಯ ಮೆಣಸಿನ ರೈತರಿಗೆ ಇದು ಹಳೆಯ ಪರಿಚಯ. ಹಿತ್ತಲಿನವರು ಮಾತ್ರ ಕೆಳಗೆ ಬಿಳಿ ಕಂಡು ಬೂಜು ಅಂದುಕೊಳ್ಳುತ್ತಾರೆ.

ನೀರು ಯಾವ ಕಡೆ?

ಎರಡು ರೋಗಕ್ಕೂ ಇರುವ ದೊಡ್ಡ ವ್ಯತ್ಯಾಸ ನೀರಿನಲ್ಲಿದೆ. ಬೂಜು ರೋಗಕ್ಕೆ ಎಲೆ ಒದ್ದೆ ಇರಲೇಬೇಕು. ಮಳೆ, ಇಬ್ಬನಿ, ಸಂಜೆ ಹೊಡೆದ ಪೈಪಿನ ನೀರು, ಯಾವುದಾದರೂ ಸರಿ, ಎಲೆ ಮೇಲೆ ಕೆಲವು ತಾಸು ನಿಂತರೆ ಅದು ಒಳಗೆ ಇಳಿಯುತ್ತದೆ. ಬೂದಿ ರೋಗ ಇದಕ್ಕೆ ತದ್ವಿರುದ್ಧ. ಗಾಳಿಯಲ್ಲಿ ಬಂದ ಅದರ ಬೀಜಕಣಕ್ಕೆ ಎಲೆ ಮೇಲೆ ನೀರು ಬೇಡ. ನೀರು ನಿಂತರೆ ಅದಕ್ಕೇ ಕಷ್ಟ. ರಾತ್ರಿ ಗಾಳಿಯಲ್ಲಿ ತೇವ, ಹಗಲು ಒಣ ಬೆಚ್ಚಗೆ, 20ರಿಂದ 27 ಡಿಗ್ರಿ ಸೆಲ್ಸಿಯಸ್, ಜೊತೆಗೆ ದಟ್ಟ ಎಲೆಯ ನೆರಳು. ಇಷ್ಟಿದ್ದರೆ ಅದಕ್ಕೆ ಹಬ್ಬ. ನಮ್ಮ ಸೀಮೆಯಲ್ಲಿ ಇದು ಸರಿಯಾಗಿ ಎಳ್ಳಮಾವಾಸ್ಯೆಯಿಂದ ಶಿವರಾತ್ರಿವರೆಗಿನ ಕಾಲ. "ಮಳಿ ಇಲ್ಲ, ಏನಿಲ್ಲ, ಬೂಷ್ಟು ಹೆಂಗ ಬಂತು?" ಅಂತ ಕೇಳುವವರಿಗೆ ಉತ್ತರ ಇದೇ. ಮಳೆ ಇಲ್ಲದ್ದಕ್ಕೇ ಬಂತು.

ಹಾಗಾಗಿ ರೋಗ ಬಂದ ತಿಂಗಳೇ ಅರ್ಧ ಸುಳಿವು ಕೊಡುತ್ತದೆ. ಆಗಸ್ಟ್, ಸೆಪ್ಟೆಂಬರ್ ಮಳೆಯಲ್ಲಿ ಹೀರೆ ಎಲೆ ಹಳದಿಯಾದರೆ ಬೂಜಿನ ಮೇಲೆ ಅನುಮಾನ ಇಡಿ. ಜನವರಿ, ಫೆಬ್ರವರಿಯಲ್ಲಿ ಬಿಳಿಯಾದರೆ ಬೂದಿ. ಅಕ್ಟೋಬರ್‌ನಲ್ಲಿ ಎರಡೂ ಒಟ್ಟಿಗೆ ಬರಬಹುದು, ಆಗ ತಲೆಕೆಡುತ್ತದೆ. ಏಪ್ರಿಲ್, ಮೇ ಬಿಸಿಲು 40 ದಾಟಿದ ಮೇಲೆ ಬೂದಿ ರೋಗ ತಾನಾಗಿ ಕುಗ್ಗುತ್ತದೆ. ಅಷ್ಟೊತ್ತಿಗೆ ಬಳ್ಳಿಯೂ ಕುಗ್ಗಿರುತ್ತದೆ, ಅದು ಬೇರೆ ಮಾತು.

ಬೂದಿ ರೋಗದ ಶಿಲೀಂಧ್ರ ಜೀವಂತ ಗಿಡದ ಮೇಲೆ ಮಾತ್ರ ಬದುಕುತ್ತದೆ, ಮತ್ತು ಒಂದೊಂದು ಕುಲದ ಗಿಡಕ್ಕೆ ಒಂದೊಂದು ಜಾತಿ. ಗುಲಾಬಿಯ ಬೂದಿ ಕುಂಬಳಕ್ಕೆ ಬರುವುದಿಲ್ಲ. ಮೆಣಸಿನಕಾಯಿಯದು ಬೇರೆ, ಬಟಾಣಿಯದು ಬೇರೆ. ಆದರೆ ಕುಂಬಳದ್ದು ಸವತೆ, ಹಾಗಲ, ಸೋರೆಗೆ ದಾಟುತ್ತದೆ. ಅದಕ್ಕೇ ಒಣಗುತ್ತಿರುವ ಹಳೇ ಕುಂಬಳದ ಪಕ್ಕದಲ್ಲಿ ಹೊಸ ಸವತೆ ಬೀಜ ಊರಬೇಡಿ.

ಬೂದಿ ಅಂತ ಖಾತ್ರಿಯಾದ ಮೇಲೆ

ಮೊದಲು ಕತ್ತರಿ. ಅರ್ಧಕ್ಕಿಂತ ಜಾಸ್ತಿ ಬೆಳ್ಳಗಾದ ಬುಡದ ಎಲೆಗಳನ್ನು ತೊಟ್ಟಿನ ಸಮೇತ ತೆಗೆಯಿರಿ. ಆದರೆ ಒಂದೇ ದಿನ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ತೆಗೆಯಬೇಡಿ. ಮಲೆನಾಡಿನವರು ಬರೆದ ಸಲಹೆ ಓದಿ ನಾನು ಒಮ್ಮೆ ಬಳ್ಳಿಯನ್ನೇ ಬೋಳಿಸಿದ್ದೆ. ನಮ್ಮ ಬಿಸಿಲಿಗೆ ಕಾಯಿಯ ಮೇಲೆ ನೆರಳು ಬೇಕು, ಇಲ್ಲದಿದ್ದರೆ ಸಿಪ್ಪೆ ಬೆಂದು ಬಿಳಿ ಕಲೆ ಬೀಳುತ್ತದೆ. ರೋಗಕ್ಕಿಂತ ನನ್ನ ಕತ್ತರಿಯೇ ಜಾಸ್ತಿ ಕಾಯಿ ಹಾಳು ಮಾಡಿತು.

ಆಮೇಲೆ ಯೂರಿಯಾ ನಿಲ್ಲಿಸಿ. ಮೆತ್ತಗೆ ಕಡು ಹಸಿರಾಗಿ ಉಬ್ಬಿದ ಎಲೆ ಈ ರೋಗಕ್ಕೆ ಬಲು ರುಚಿ.

ನಾಲ್ಕಾರು ಚುಕ್ಕೆ ಇರುವಾಗಲೇ ಕಂಡರೆ ಹಾಲು ಸಾಕು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು. ವಾರಕ್ಕೊಮ್ಮೆ, ಬೆಳಗ್ಗೆ, ಎಲೆಯ ಎರಡೂ ಮೈಗೆ ಹೊಡೆಯಿರಿ. ಇದು ಅಜ್ಜಿ ಔಷಧ ಅಂತ ತಳ್ಳಿಹಾಕಬೇಡಿ. ಬ್ರೆಜಿಲ್ಲಿನ ವಿಜ್ಞಾನಿ ವ್ಯಾಗ್ನರ್ ಬೆಟ್ಟಿಯೋಲ್ ಕುಂಬಳದ ಬಳಗದ ಜುಕಿನಿ ಮೇಲೆ ಇದನ್ನು ಪ್ರಯೋಗ ಮಾಡಿ, ಹಾಲು ಕೆಲಸ ಮಾಡುತ್ತದೆ ಅಂತ 1999ರಲ್ಲಿ ಪ್ರಕಟಿಸಿದ್ದಾರೆ. ಬಿಸಿಲು ಬೀಳುವ ಕಡೆ ಚೆನ್ನಾಗಿ ನಡೆಯುತ್ತದೆ, ನಮ್ಮಲ್ಲಿ ಬಿಸಿಲಿಗೇನೂ ಬರವಿಲ್ಲ. ಹುಳಿ ಮಜ್ಜಿಗೆಯನ್ನೂ ಹೀಗೇ ತೆಳ್ಳಗೆ ಮಾಡಿ, ಬಟ್ಟೆಯಲ್ಲಿ ಸೋಸಿ ಹೊಡೆಯುವವರಿದ್ದಾರೆ. ಸೋಸದಿದ್ದರೆ ನಾಜಲ್ ಕಟ್ಟಿಕೊಳ್ಳುತ್ತದೆ. ನಮ್ಮ ಅತ್ತೆಯವರಿಗೆ ಮೊದಲು ಸಿಟ್ಟು ಬಂದಿತ್ತು. "ಹಾಲು ಗಿಡಕ್ಕ ಹಾಕತೀಯೇನ?" ಅಂದರು. ಪಂಚಮಿಗೆ ಹುತ್ತಕ್ಕೆ ಎರೆಯುವುದಿಲ್ಲವೇ ಅಂದೆ. ಆಮೇಲೆ ಅವರೇ ಪಾತ್ರೆ ತೊಳೆದ ಹಾಲುನೀರು ಎತ್ತಿಡತೊಡಗಿದರು.

ಹಾಲಿಗೆ ಬಗ್ಗದಷ್ಟು ಬೆಳೆದಿದ್ದರೆ ಗಂಧಕ. ಅಂಗಡಿಯಲ್ಲಿ "ನೀರಿನಲ್ಲಿ ಬೆರೆಯುವ ಗಂಧಕ, 80 ಪರ್ಸೆಂಟ್" ಅಂತ ಕೇಳಿ. ಲೀಟರಿಗೆ 2 ಗ್ರಾಂ, ಅಂದರೆ ಐದು ಲೀಟರಿಗೆ 10 ಗ್ರಾಂ. ತೂಗಿ ಹಾಕಿ, ಚಮಚದ ಅಂದಾಜು ಬೇಡ. ಹಳೆಯ ಮದ್ದು ಇದು. ಯುರೋಪಿನ ದ್ರಾಕ್ಷಿಗೆ ಬೂದಿ ರೋಗ ಬಂದಾಗ, 19ನೇ ಶತಮಾನದ ನಡುವಿನಲ್ಲಿ, ಅವರನ್ನು ಕಾಪಾಡಿದ್ದು ಗಂಧಕವೇ. ಇಂದಿಗೂ ಕೊಪ್ಪಳದ ದ್ರಾಕ್ಷಿ ತೋಟದವರನ್ನು ಕೇಳಿದರೆ ಅದರ ಗುಣ, ಅವಗುಣ ಎರಡನ್ನೂ ಹೇಳುತ್ತಾರೆ.

ಅವಗುಣ ಏನೆಂದರೆ ಬಿಸಿಲಿಗೆ ಅದು ಎಲೆ ಸುಡುತ್ತದೆ. 32 ಡಿಗ್ರಿ ದಾಟುವ ದಿನ ಹೊಡೆಯಲೇಬೇಡಿ. ನಮ್ಮಲ್ಲಿ ಮಾರ್ಚ್ ಬಂತೆಂದರೆ ಈ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಜನವರಿಯಲ್ಲೂ ಸಂಜೆ ಐದರ ಮೇಲೆ ಹೊಡೆಯಿರಿ. ಕುಂಬಳ, ಸವತೆ ಬಳಗವೇ ಗಂಧಕಕ್ಕೆ ಸ್ವಲ್ಪ ಸೂಕ್ಷ್ಮ, ಕರಬೂಜ ಅಂತೂ ಇನ್ನೂ ಸೂಕ್ಷ್ಮ. ಮೊದಲು ಎರಡು ಎಲೆಗೆ ಹೊಡೆದು ಎರಡು ದಿನ ಕಾಯಿರಿ. ಅಂಚು ಕಂದಾಗದಿದ್ದರೆ ಉಳಿದದ್ದಕ್ಕೆ ಹೊಡೆಯಿರಿ. ಬೇವಿನೆಣ್ಣೆ ಹೊಡೆದು ಎರಡು ವಾರ ಆಗದೆ ಗಂಧಕ ಹೊಡೆಯಬಾರದು, ಗಂಧಕದ ಮೇಲೆ ಎಣ್ಣೆಯೂ ಅಷ್ಟೇ. ಎರಡೂ ಸೇರಿದರೆ ಎಲೆ ಬೇಯುತ್ತದೆ. ಒಂದನ್ನು ಆರಿಸಿಕೊಳ್ಳಿ. ನಮ್ಮ ಕಡೆ ಯಾವ ಔಷಧ ಹೊಡೆದರೂ "ಎಣ್ಣಿ ಹೊಡದೆ" ಅನ್ನುತ್ತೇವಲ್ಲ, ಇಲ್ಲಿ ಆ ಮಾತು ಎಡವಟ್ಟು ಮಾಡುತ್ತದೆ. ಕೂಲಿಯವರಿಗೆ ಹೇಳುವಾಗ ಯಾವ ಎಣ್ಣೆ ಅಂತ ಬಿಡಿಸಿ ಹೇಳಿ.

ಅಡುಗೆ ಸೋಡಾ ಹೊಡೆಯಿರಿ ಅಂತ ಬಹಳ ಜನ ಹೇಳುತ್ತಾರೆ. ಸ್ವಲ್ಪ ಮಟ್ಟಿಗೆ ತಡೆಯುತ್ತದೆ, ಸುಳ್ಳಲ್ಲ. ಆದರೆ ಅದರಲ್ಲಿರುವ ಸೋಡಿಯಂ ಮಣ್ಣಿಗೆ ಇಳಿಯುತ್ತದೆ. ಗಂಗಾವತಿ, ಸಿಂಧನೂರು ಕಾಲುವೆ ಕೆಳಗೆ ಸವಳಾದ ಹೊಲ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕುಂಡದ ಗಿಡಕ್ಕಂತೂ ನಾನು ಬೇಡ ಅನ್ನುತ್ತೇನೆ.

ಒಣ ಕಾಲದಲ್ಲಿ, ಜನವರಿ, ಫೆಬ್ರವರಿಯಲ್ಲಿ, ಬೆಳಗ್ಗೆ ಸಿಹಿ ನೀರಿನಿಂದ ಎಲೆಗಳನ್ನು ಚೆನ್ನಾಗಿ ತೊಳೆಯುವುದೂ ಒಂದು ಮದ್ದು. ಹತ್ತು ಗಂಟೆಯೊಳಗೆ ಆರಬೇಕು, ಅಷ್ಟೇ. ಸಂಜೆ ತೊಳೆದರೆ ಬೂದಿ ಹೋಗಿ ಬೂಜು ಬರುತ್ತದೆ.

ಹೊಡೆಯುವ ಮೊದಲು ಎಲೆ ಮೇಲೆ ಯಾರಿದ್ದಾರೆ ನೋಡಿ. ಚುಕ್ಕೆಯಿಲ್ಲದ ಪುಟ್ಟ ಹಳದಿ ಗುಲಗಂಜಿ ಹುಳು, ಕತ್ತಿನ ಹತ್ತಿರ ಎರಡು ಕಪ್ಪು ಬೊಟ್ಟು, ಬಿಳಿ ಪುಡಿಯ ಮೇಲೆಯೇ ಓಡಾಡುತ್ತಿದ್ದರೆ ಕೈ ತಡೆಯಿರಿ. ಅದು ಬೂದಿಯನ್ನೇ ಮೇಯುತ್ತದೆ. ಅದರ ಹಾಗೇ ಕಾಣುವ, ಮಂಕು ಕಂದು ಬಣ್ಣದ, ಮೈತುಂಬ ಕಪ್ಪು ಚುಕ್ಕೆಯ ಇನ್ನೊಂದು ಹುಳು ಎಲೆಯನ್ನು ಕೆರೆದು ಜಾಲರಿ ಮಾಡುತ್ತದೆ. ಅದನ್ನು ಕೈಯಿಂದ ಆರಿಸಿ ಸೋಪು ನೀರಿಗೆ ಹಾಕಿ.

ಬೂಜು ಆಗಿದ್ದರೆ

ಇಲ್ಲಿ ಗಂಧಕ, ಹಾಲು ಕೆಲಸಕ್ಕೆ ಬರುವುದಿಲ್ಲ. ಸಂಜೆಯ ನೀರು ನಿಲ್ಲಿಸಿ ಬುಡಕ್ಕೆ ಮಾತ್ರ ಹಾಯಿಸಿ. ಬಳ್ಳಿಯನ್ನು ನೆಲದಿಂದ ಎತ್ತಿ ಹಂದರಕ್ಕೆ ಬಿಡಿ. ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ, ಇಲ್ಲವೇ ಕಾಪರ್ ಆಕ್ಸಿಕ್ಲೋರೈಡ್ 3 ಗ್ರಾಂ, ಎಲೆಯ ಹಿಂಬದಿಗೆ ತಾಗುವ ಹಾಗೆ. ಇವು ಒಳಗೆ ಇಳಿದ ರೋಗವನ್ನು ಕೀಳುವುದಿಲ್ಲ, ಆರೋಗ್ಯವಾಗಿರುವ ಎಲೆಯನ್ನು ಕಾಯುತ್ತವೆ. ಹಾಗಾಗಿ ಹಳದಿ ಎಲೆ ಮತ್ತೆ ಹಸಿರಾಗಲಿಲ್ಲ ಅಂತ ಡೋಸು ಏರಿಸಬೇಡಿ. ಹೊಸ ಎಲೆ ಹೇಗಿದೆ ಅಂತ ನೋಡಿ.

ಗುಲಾಬಿಯ ಚಿಗುರು ಮುದುಡಿ ಬೆಳ್ಳಗಾದರೆ ಅದೂ ಬೂದಿಯೇ, ಚಿಗುರು ಚಿವುಟಿ ಗಂಧಕ ಹೊಡೆದರೆ ಸಾಕು. ಬಾರೆ ಗಿಡದಲ್ಲಿ ಎಳೆಗಾಯಿ ಮೇಲೆ ಬಿಳಿ ಬಂದು ಉದುರುವುದು ಇದೇ ಕಾಟ. ಮಾವಿನ ಹೂಗೊಂಚಲಿಗೂ ಬರುತ್ತದೆ. ಹೂ ಪೂರ್ತಿ ಅರಳುವ ಮುಂಚೆಯೇ ಹೊಡೆಯಬೇಕು, ಅರಳಿದ ಮೇಲೆ ಜೇನುಹುಳಗಳಿಗೆ ಬಿಡಿ.

ಯಾವಾಗ ಕೈ ಬಿಡಬೇಕು

ಹೀರೆ ಬಳ್ಳಿಗೆ ಮೂರು ತಿಂಗಳಾಗಿದೆ, ತುದಿಯಲ್ಲಿ ಹೊಸ ಹೂ ಇಲ್ಲ, ಕಾಯಿ ಸೊಟ್ಟ ಬರುತ್ತಿವೆ. ಆಗ ಔಷಧಕ್ಕೆ ದುಡ್ಡು ಹಾಕಬೇಡಿ, ಕಿತ್ತುಬಿಡಿ. ಕೀಳುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಬ್ಬಸ ಇರುವವರಿಗೆ ಆ ಪುಡಿ ಆಗಿಬರುವುದಿಲ್ಲ.

ನಿಮ್ಮಿಂದ ಗುರುತು ಹಿಡಿಯಲು ಆಗದಿದ್ದರೆ ಹೊಸದಾಗಿ ಹತ್ತಿದ ಒಂದು ಎಲೆ, ಪೂರ್ತಿ ಹಾಳಾದ ಒಂದು ಎಲೆ, ಚೆನ್ನಾಗಿರುವ ಒಂದು ಎಲೆ, ಮೂರನ್ನೂ ಒಣ ಪೇಪರಿನಲ್ಲಿ ಮಡಚಿ ಅದೇ ದಿನ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಗಂಗಾವತಿ, ರಾಯಚೂರು, ಬಳ್ಳಾರಿ ಹತ್ತಿರದ ಹಗರಿ, ಮೂರೂ ಕಡೆ ಇವೆ. ಮುನಿರಾಬಾದಿನಲ್ಲಿ ತೋಟಗಾರಿಕೆ ಕಾಲೇಜೂ ಇದೆ. ಈ ಕೆಲಸಕ್ಕೆ ಪ್ಲಾಸ್ಟಿಕ್ ಕವರು ಬೇಡ, ದಾರಿಯಲ್ಲೇ ಕೊಳೆತು ಏನಿತ್ತೆಂದು ಗೊತ್ತಾಗುವುದಿಲ್ಲ.

ರೋಗ ಬಂದ ಬಳ್ಳಿಯ ಕಾಯಿ ತಿನ್ನಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ ತಿನ್ನಿ. ಈ ಶಿಲೀಂಧ್ರಕ್ಕೆ ಬೇಕಾದದ್ದು ಬಳ್ಳಿ, ಮನುಷ್ಯರಲ್ಲ. ಯೋಚಿಸಬೇಕಾದದ್ದು ನೀವು ಹೊಡೆದ ಔಷಧದ ಬಗ್ಗೆ. ಪಾಕೀಟಿನ ಮೇಲೆ ಎಷ್ಟು ದಿನ ಬಿಟ್ಟು ಕೀಳಬೇಕು ಅಂತ ಬರೆದಿರುತ್ತದೆ. ಹೊಡೆದ ದಿನವನ್ನು ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಹೀರೆಕಾಯಿ ಕೀಳುವವರು ನೀವೊಬ್ಬರೇ ಅಲ್ವಲ್ಲ.